ನಾಲ್ಕನೆಯ ತಾವರೆ

ಆ ಮುದುಕ ನಮ್ಮ ಶೆಡ್ಡಿನ ಮುಂದೆ ಬಂದು ನಿಂತಾಗ ನಾನು ಗೂಬೆಗೆ ಕಣ್ಣು ಕೂರಿಸುತ್ತಿದ್ದೆ. ಕಬ್ಬಿಣದ ಗೂಬೆ. ಸವೆದ ಗುದ್ದಲಿ ಅದರ ಮೈ, ಮುರಿದ ಕುಡುಗೋಲುಗಳು ರೆಕ್ಕೆ, ಬೈಕಿನ ಬೇರಿಂಗು ಕಣ್ಣು. ಇಂಥವನ್ನು ಮಾಡಿ ಮಾರುವುದೇ ಈಗ ನಮ್ಮ ಕಸುಬು. ನಮ್ಮಪ್ಪ ಅರಸೀಕೆರೆ ಮಗ್ಗುಲ ಹಳ್ಳಿಯಲ್ಲಿ ಕುಡುಗೋಲು, ಮಚ್ಚು, ಕಾಯಿ ಸುಲಿಯುವ ಸಲಾಕೆ ತಟ್ಟಿಕೊಟ್ಟು ನಮ್ಮನ್ನೆಲ್ಲ ಸಾಕಿದವರು. ಈಗ ಅವೆಲ್ಲ ಅಂಗಡಿಯಲ್ಲೇ ಸಿಗುವಾಗ ಕಮ್ಮಾರರ ಹತ್ತಿರ ಯಾರು ಬರುತ್ತಾರೆ? ಹಾಗಾಗಿ ನಾನೂ ನನ್ನ ಗಂಡ ಉದಯಕುಮಾರರೂ ಹಳೇಬೀಡಿನಿಂದ ಬಸ್ತಿಹಳ್ಳಿಗೆ ಹೋಗುವ ದಾರಿಯಲ್ಲಿ ಶೆಡ್ಡು ಹಾಕಿಕೊಂಡು, ತುಕ್ಕು ಹಿಡಿದ ಗುಜರಿಯಲ್ಲಿ ನವಿಲು, ದೀಪದ ಕಂಬ, ಕಿಟಕಿಯ ಬಳ್ಳಿ ಅಂತ ಮಾಡುತ್ತೇವೆ. ಕುಲುಮೆ, ಸುತ್ತಿಗೆ ನನ್ನದು. ವೆಲ್ಡಿಂಗೂ ಗಿರಾಕಿಗಳ ಹತ್ತಿರ ಮಾತೂ ಅವರದು. ಮಾತು ಅವರಿಗೆ ಸ್ವಲ್ಪ ಜಾಸ್ತಿಯೇ.

ಮುದುಕ ಒಳಗೆ ಬರಲಿಲ್ಲ. ಹೊರಗೆ ರಾಶಿ ಬಿದ್ದಿದ್ದ ಗುಜರಿಯನ್ನು ಕೋಲಿನಿಂದ ಕೆದಕುವುದು, ಬಗ್ಗಿ ನೋಡುವುದು, ಮತ್ತೆ ಕೆದಕುವುದು. ರಸ್ತೆಯಲ್ಲಿ ಅವನನ್ನು ಕರೆತಂದ ಜೀಪು ನಿಂತಿತ್ತು. ನನಗೆ ಹೀಗೆ ಹೇಳದೆ ಕೇಳದೆ ಕೈ ಹಾಕುವವರನ್ನು ಕಂಡರೆ ಆಗುವುದಿಲ್ಲ.

"ಏನು ಬೇಕಿತ್ತು ಯಜಮಾನ್ರೆ? ಅಲ್ಲಿ ಗಾಜು ಐತೆ, ಕಾಲಿಗೆ ಚುಚ್ಚುತ್ತೆ," ಎಂದೆ.

"ಒಂದು ಕೊಳವೆ ಕಣವ್ವ," ಎಂದ. "ನಾನು ಕೆಂಚಪ್ಪ ಅಂತ. ಬಿಕ್ಕೋಡಿನ ತಾವ ನಮ್ಮೂರು. ನಾನು ಆಸ್ಪತ್ರೆಗೆ ಹೋಗಿದ್ದಾಗ ನನ್ನ ಹೆಂಡ್ತಿ ಹುಚ್ಚಮ್ಮ ಅಟ್ಟ ಗುಡಿಸಿ, ಇದ್ದಬದ್ದ ಕಬ್ಬಿಣಾನೆಲ್ಲ ಗುಜರಿಯೋನಿಗೆ ಹಾಕ್ಬುಟ್ಟವಳೆ. ಅವನು ನಿಮಗೆ ಕೊಟ್ಟೆ ಅಂದ."

"ಕೊಳವೆ ಎಷ್ಟೋ ಬತ್ತವೆ. ಎಂಥದ್ದು?"

"ಇಷ್ಟುದ್ದ." ಕೈಯನ್ನು ಎದೆಯ ಮಟ್ಟಕ್ಕೆ ಹಿಡಿದು ತೋರಿಸಿದ. "ಬುಡ ದಪ್ಪ, ತುದಿಗೆ ಬತ್ತಾ ಸಣ್ಣ. ಬುಡದ ಪಕ್ಕದಾಗೆ ಒಂದು ಮೊಳಕೆ ಹಂಗೆ ಎದ್ದಿರ್ತದೆ. ಬ್ಯಾರೆ ಕೊಳವೆ ಎರಡು ಕೊಡ್ತೀನಿ ಕಣವ್ವ. ದುಡ್ಡು ಬೇಕಾದ್ರೂ ಕೊಡ್ತೀನಿ."

ಗುರುತು ಸಿಕ್ಕಿತು. ಆ ಕೊಳವೆಯನ್ನು ನಾನು ಹೇಗೆ ಮರೆಯಲಿ? ರಾಶಿಯಲ್ಲಿ ಅದೊಂದೇ ಚೆಂದದ ಕಬ್ಬಿಣ. ಬುಡದಿಂದ ತುದಿಗೆ ಸಣ್ಣಗಾಗುತ್ತಾ ಹೋಗಿ, ತಾವರೆಯ ದಂಟಿನಂತೆಯೇ ಇತ್ತು. ಅದನ್ನು ನೋಡಿಯೇ ನನಗೆ ಬೆಂಕಿ ಬಟ್ಟಲಿನ ಯೋಚನೆ ಬಂದದ್ದು. ಬಿಕ್ಕೋಡಿನಾಚೆ ಕಾಫಿ ತೋಟದಲ್ಲಿ ಹೋಮ್‌ಸ್ಟೇ ನಡೆಸುವ ನಂದಿತಾ ಎಂಬ ಹೆಣ್ಣುಮಗಳು, ಅತಿಥಿಗಳು ಸಂಜೆ ಸುತ್ತ ಕೂತು ಚಳಿ ಕಾಯಿಸಲು ಏನಾದರೂ ಹೊಸದು ಮಾಡಿಕೊಡಿ ಎಂದು ಕೇಳಿದ್ದಳು. ಟ್ರ್ಯಾಕ್ಟರಿನ ಉಳುವ ಡಿಸ್ಕನ್ನು ಬಟ್ಟಲು ಮಾಡಿ, ಮೊಣಕಾಲೆತ್ತರದ ಕಾಲಿನ ಮೇಲೆ ಕೂರಿಸಿದೆ. ಬಟ್ಟಲಿನ ನಡುವೆ ನಾಲ್ಕು ಕೊಳವೆಗಳ ಬುಡ ಕೂಡಿಸಿ, ಕಬ್ಬಿಣದ ಬಳೆ ಬಿಗಿದು, ದಂಟುಗಳು ನಾಲ್ಕು ದಿಕ್ಕಿಗೆ ಓರೆಯಾಗಿ ಹೊರಗೆ ಚಾಚುವಂತೆ ಮಾಡಿದೆ. ಒಂದೊಂದು ದಂಟಿನ ತುದಿಯನ್ನೂ ಕಾಯಿಸಿ, ಸೀಳಿ, ಬಡಿದು ತಾವರೆ ಅರಳಿಸಿದೆ. ಮೂರು ಹಳೆಯ ಪಂಪಿನ ಕೊಳವೆ, ನಾಲ್ಕನೆಯದು ಇದು. ಪಕ್ಕದ ಮೊಳಕೆಯನ್ನು ಮೊಗ್ಗಿನ ಹಾಗೆ ಕಾಣುತ್ತದೆಂದು ಹಾಗೇ ಬಿಟ್ಟಿದ್ದೆ.

"ಅದು ಮಾರಾಯ್ತು ಯಜಮಾನ್ರೆ," ಎಂದೆ. "ಬೆಂಕಿ ಬಟ್ಟಲಿಗೆ ಹಾಕ್ಬಿಟ್ಟೆ. ನಮ್ಮೆಜಮಾನ್ರು ಮಧ್ಯಾಹ್ನವೇ ತಗೊಂಡು ಹೋದ್ರು, ಇವತ್ತು ಸಂಜೆ ಅವರೇ ಹಚ್ಚಿ ತೋರಿಸ್ತಾರೆ."

ಮುದುಕ ಅಲ್ಲೇ ಗುಜರಿಯ ಮೇಲೆ ಕುಸಿದು ಕುಳಿತ. "ಬೆಂಕಿಗಾ?" ಎಂದ.

ನೀರು ಕೊಟ್ಟೆ, ಕುಡಿಯಲಿಲ್ಲ. ಏನು ವಿಷಯ ಎಂದರೆ ರಸ್ತೆಯ ಕಡೆ ನೋಡಿದ, ಜೀಪಿನ ಕಡೆ ನೋಡಿದ, ಅದು ನಮ್ಮ ಅಣ್ಣನ ಕಾಲದ್ದು ಎಂದ, ಮನೆಯ ಗುರುತು ಎಂದ. ನನಗೆ ರೇಗಿ ಹೋಯಿತು. "ಬಾಯಿ ಬಿಟ್ಟು ಹೇಳ್ತೀರೋ ಇಲ್ವೋ? ನಂಗೆ ಕೆಲಸ ಐತೆ," ಎಂದು ಸುತ್ತಿಗೆ ಎತ್ತಿಕೊಂಡೆ.

"ಕೋವಿ ಕಣವ್ವ ಅದು," ಎಂದ. ಪಿಸುಗುಟ್ಟಿದ್ದರಿಂದ ನಾನು ಬಗ್ಗಬೇಕಾಯಿತು. "ಕೇಪಿನ ಕೋವಿ. ಮರದ ಹಿಡಿ ಗೆದ್ದಲು ತಿಂದು ಹೋಗಿತ್ತು, ಕೊಳವೆ ಒಂದೇ ಉಳಿದಿತ್ತು. ಅದರೊಳಗೆ ಈಡು ಐತೆ."

ನಾನು ಬಯಲು ಸೀಮೆಯವಳು. ತೆಂಗಿನ ತೋಟದಲ್ಲಿ ಬೆಳೆದವಳಿಗೆ ಕೋವಿ ಎಲ್ಲಿಂದ ಗೊತ್ತಾಗಬೇಕು? ಬ್ಯಾಂಕಿನ ಕಾವಲುಗಾರನ ಹೆಗಲ ಮೇಲೆ ಕಂಡದ್ದೇ ಕಂಡದ್ದು. "ಈಡು ಅಂದ್ರೆ?" ಎಂದು ಕೇಳಿದೆ.

"ಮದ್ದು. ಬಾಯಿಂದ ಮದ್ದು ಸುರಿದು, ನಾರು ಗಿಡಿದು, ಮ್ಯಾಲೆ ಚರೆ ಹಾಕಿ ಮತ್ತೆ ಗಿಡಿದಿರ್ತೀವಿ. ಹಂದಿಗೆ ಅಂತ ತುಂಬಿದ್ದೆ. ಆಮ್ಯಾಕೆ ಲೈಸೆನ್ಸ್ ಇಲ್ದೋರ ಮನೆಗೆಲ್ಲ ಪೊಲೀಸ್ನೋರು ಬತ್ತಾವ್ರೆ ಅಂದ್ರು. ತುಂಬಿದ ಈಡು ಖಾಲಿ ಮಾಡ್ಬೇಕು ಅಂದ್ರೆ ಹೊಡೀಲೇಬೇಕು. ಹೊಡೆದ್ರೆ ಊರಿಗೆಲ್ಲ ಕೇಳ್ತದೆ. ಅದಕ್ಕೆ ಹಂಗೇ ಅಟ್ಟಕ್ಕೆ ಹಾಕ್ದೆ."

ಎತ್ತಿದ ಸುತ್ತಿಗೆ ಕೆಳಗಿಟ್ಟೆ. ಎರಡೂ ಕಡೆ ಮುಚ್ಚಿದ ಟೊಳ್ಳು ಕಬ್ಬಿಣವನ್ನು ತೂತು ಹಾಕದೆ ಬೆಂಕಿಗೆ ಇಡಬಾರದು ಎಂಬುದು ನಮ್ಮ ಕುಲುಮೆಯ ಕಟ್ಟಳೆ. ಒಳಗಿನ ಗಾಳಿ ಬಿಸಿಯಾಗಿ ಒಡೆಯುತ್ತದೆ. ಬೈಕಿನ ಶಾಕ್ ಅಬ್ಸಾರ್ಬರ್ ಇರಲಿ, ಮಂಚದ ಕಾಲಿರಲಿ, ನಾನು ಮೊದಲು ಡ್ರಿಲ್ ಹಿಡಿಯುತ್ತೇನೆ. ಈ ಕೊಳವೆಗೆ ಹಿಡಿದಿರಲಿಲ್ಲ, ಏಕೆಂದರೆ ಇದರ ಒಂದು ಬಾಯಿ ತೆರೆದೇ ಇತ್ತು. ಬಾಯಿ ತೆರೆದದ್ದಕ್ಕೆ ತೂತು ಬೇಕಿಲ್ಲ. ಒಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಸರಳು ಹಾಕಿ ಕುಟ್ಟಿದೆ, ಮಣ್ಣು ಉದುರಿತು. ಬುಡದಲ್ಲಿ ಒಂದು ಗೇಣಿನಷ್ಟು ಮಾತ್ರ ಏನೋ ಗಟ್ಟಿಯಾಗಿ ಕೂತಿತ್ತು. ಅದೂ ಮಣ್ಣೇ ಎಂದು ಬಿಟ್ಟೆ. ತುದಿಯನ್ನು ಕುಲುಮೆಗೆ ಇಟ್ಟು ಹೂ ಬಿಡಿಸುವಾಗ, ತಣ್ಣಗಿದೆಯಲ್ಲ ಎಂದು ಆ ಬುಡವನ್ನು ಹೊಟ್ಟೆಗೆ ಆನಿಸಿ ಬರಿಗೈಯಲ್ಲೇ ಹಿಡಿದುಕೊಂಡಿದ್ದೆ.

ಈಗ ಆ ಬುಡ ಬಟ್ಟಲಿನ ನಟ್ಟನಡುವೆ ಇದೆ. ಸೌದೆ ಉರಿಯುವುದು ಅದರ ಮೇಲೆ. ಹೂವಿನ ಬಾಯಿ ಕೂತವರ ಕಡೆಗಿದೆ.

ಗಂಡನಿಗೆ ಫೋನ್ ಮಾಡಿದೆ. ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂದು ಹೆಂಗಸಿನ ದನಿ ಬಂತು. ಮತ್ತೆ ಮಾಡಿದೆ. ಅದೇ ದನಿ. ನಂದಿತಾಳ ನಂಬರು ಅವರ ಫೋನಿನಲ್ಲಿ ಮಾತ್ರ ಇತ್ತು. ಗಿರಾಕಿಗಳ ನಂಬರು ನಿನಗ್ಯಾಕೆ ಎನ್ನುವ ಗಂಡಸು ಅವರು. ಕುಲುಮೆಗೆ ನೀರು ಸುರಿದು, ಬಾಗಿಲನ್ನೂ ಹಾಕದೆ ಜೀಪಿನ ಕಡೆ ಓಡಿದೆ. ಮುದುಕನೂ ಎದ್ದು ಬಂದ. ಜೀಪು ಓಡಿಸುವ ಹೇಮಂತ್ ಅವನ ಊರಿನವನೇ. "ಬೇಗ ಬಿಡಪ್ಪ, ಕತ್ತಲಾಗೋದ್ರೊಳಗೆ ಹೋಗ್ಬೇಕು," ಎಂದೆ. ಯಾಕೆ ಎಂದು ಅವನು ಕೇಳಲಿಲ್ಲ, ನನ್ನ ಮುಖ ನೋಡಿ ಗೇರ್ ಹಾಕಿದ.

ಜೀಪು ಬೇಲೂರಿನ ಕಡೆ ಓಡಿತು. ರಾಗಿ ಕಣಗಳು, ತೆಂಗಿನ ತೋಟಗಳು ಹಿಂದೆ ಓಡುತ್ತಿದ್ದವು, ಬಿಸಿಲು ಹಳದಿಗೆ ತಿರುಗುತ್ತಿತ್ತು. ಬೇಲೂರಿನೊಳಗೆ ಪ್ರವಾಸದ ಬಸ್ಸುಗಳು ಅಡ್ಡಡ್ಡ ನಿಂತು ಜೀಪು ತೆವಳಿತು. ಶಾಲೆಯ ಮಕ್ಕಳು ಎರಡು ಸಾಲಾಗಿ ರಸ್ತೆ ದಾಟುತ್ತಿದ್ದರು, ಮುಗಿಯುವಂತೆಯೇ ಕಾಣಲಿಲ್ಲ. ಅವರನ್ನು ನೋಡಿದಾಗ ಹೋಮ್‌ಸ್ಟೇಯಲ್ಲೂ ಮಕ್ಕಳಿರಬಹುದು ಎಂಬುದು ಹೊಳೆಯಿತು. ಚಳಿ ಕಾಯಿಸಲು ಎಲ್ಲರಿಗಿಂತ ಮುಂದೆ ಹೋಗಿ ಕೂರುವವರು ಮಕ್ಕಳು.

ಬೇಲೂರು ದಾಟಿದ ಮೇಲೆ ಹಿಂದಿನ ಸೀಟಿನಿಂದ ಕೆಂಚಪ್ಪ ನನ್ನ ಹೆಗಲು ಮುಟ್ಟಿದ.

"ಅವ್ವಾ, ಅಲ್ಲಿ ಕೋವಿ ಅಂತ ಮಾತ್ರ ಅನ್ನಬ್ಯಾಡ. ಬ್ಯಾರೆ ಏನಾದ್ರೂ ಹೇಳು. ಈ ವಯಸ್ನಾಗೆ ಜೈಲಿಗೆ ಹಾಕಿದ್ರೆ ನಾನು ಬದುಕಕಿಲ್ಲ."

"ಅಲ್ಲಿ ಜನ ಸಾಯ್ತಾರೆ, ನಿಮಗೆ ಜೈಲಿನ ಚಿಂತೆ," ಎಂದೆ.

"ನಿಮ್ಮನ್ನೂ ಬಿಡಕಿಲ್ಲ ಕಣವ್ವ. ಕೋವಿ ಕಡಿದು ಮಾರಿದೋರು ಅಂತ ನಿನ್ನೂ ನಿನ್ನ ಗಂಡನ್ನೂ ಎಳಕೊಂಡು ಹೋಯ್ತಾರೆ. ಕೊಳವೆ ಒಡೀತದೆ ಅಂದ್ರೂ ಜನ ಎದ್ದು ಓಡ್ತಾರೆ. ಅಷ್ಟು ಸಾಲದಾ?"

ಆ ಮಾತು ನನ್ನೊಳಗೆ ಎಲ್ಲಿ ಹೋಗಿ ಕೂರಬೇಕೋ ಅಲ್ಲಿಗೆ ಹೋಗಿ ಕೂತಿತು. ಹೌದಲ್ಲ, ಓಡಿದರೆ ಸಾಕಲ್ಲ ಅನ್ನಿಸಿತು. ಠಾಣೆ, ಕೋರ್ಟು, ಶೆಡ್ಡಿಗೆ ಬೀಗ, ಊರಿನವರ ಮಾತು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. "ಆಯ್ತು, ಅನ್ನಲ್ಲ. ಸುಮ್ನಿರಿ," ಎಂದೆ.

ಬಿಕ್ಕೋಡು ಇನ್ನೇನು ಬಂತು ಎನ್ನುವಾಗ ಸಾಲಾಗಿ ವಾಹನಗಳು ನಿಂತಿದ್ದವು. ಖಾಕಿ ಹಾಕಿದ ಅರಣ್ಯ ಇಲಾಖೆಯ ಹುಡುಗರು ಕೈ ಅಡ್ಡ ಹಿಡಿದಿದ್ದರು. ಎಡಗಡೆ ತೋಟದಲ್ಲಿ ಆನೆಗಳಿವೆ, ದಾಟಿಸುತ್ತಿದ್ದೇವೆ, ಯಾರೂ ಇಳಿಯಬೇಡಿ, ಹಾರ್ನ್ ಮಾಡಬೇಡಿ ಎಂದರು.

"ಎಷ್ಟೊತ್ತು ಆಗ್ತದೆ ಸಾರ್?" ಎಂದು ಹೇಮಂತ್ ಕೇಳಿದ.

"ಅದು ಆನೇನ ಕೇಳ್ಬೇಕು," ಎಂದ ಒಬ್ಬ.

ಮುಂದೆ ಹೋಗುವ ಹಾಗಿಲ್ಲ, ಹಿಂದೆ ತಿರುಗಿಸಲು ಜಾಗವಿಲ್ಲ. ಸಿಲ್ವರ್ ಮರಗಳ ನಡುವೆ ಬೆಳಕು ಕಡಿಮೆಯಾಗುತ್ತಿತ್ತು. ಮೊದಲು ಕಾಫಿ ಗಿಡಗಳ ಬುಡ ಕಪ್ಪಾಯಿತು, ಆಮೇಲೆ ಮುಂದಿನ ಕಾರಿನ ನಂಬರು ಕಾಣದಾಯಿತು. ಫೋನ್ ಮಾಡುತ್ತಲೇ ಇದ್ದೆ. ಈಗ ಸೌದೆ ಜೋಡಿಸುತ್ತಿರುತ್ತಾರೆ, ಈಗ ಕಡ್ಡಿ ಗೀರುತ್ತಿರುತ್ತಾರೆ ಎಂದು ಮನಸ್ಸು ತಾನೇ ತಾನಾಗಿ ಹೇಳುತ್ತಿತ್ತು. ಬಟ್ಟಲಿನ ಗುಣ ಹೊಗಳದೆ ಅವರು ಕಡ್ಡಿ ಗೀರುವವರಲ್ಲ, ಇವತ್ತಾದರೂ ಆ ಮಾತು ಉದ್ದವಾಗಲಿ ತಾಯಿ ಎಂದು ಬೇಡಿಕೊಂಡೆ.

ಆಗ ಢಂ ಎಂದಿತು.

ಮುಂದಿನ ಕತ್ತಲಿನಿಂದ ಬಂದ ಸದ್ದು ಜೀಪಿನ ತಗಡನ್ನು ನಡುಗಿಸಿತು. ನಾನು ಎರಡು ಕೈಯಲ್ಲಿ ಕಿವಿ ಮುಚ್ಚಿಕೊಂಡು ಮಂಡಿಗೆ ಮುಖ ಹುದುಗಿಸಿದೆ. ಮುಗಿಯಿತು, ಎಲ್ಲ ಮುಗಿದೇ ಹೋಯಿತು ಎಂದುಕೊಂಡೆ. ಹಿಂದಿನಿಂದ ಕೆಂಚಪ್ಪ "ಶಿವನೇ, ಶಿವನೇ" ಎನ್ನುತ್ತಿದ್ದ. ಹೇಮಂತ್ ನನ್ನ ತೋಳು ಅಲ್ಲಾಡಿಸಿ, "ಅಕ್ಕಾ, ಪಟಾಕಿ ಅಕ್ಕಾ. ಆನೆ ಓಡ್ಸಕ್ಕೆ ಹೊಡೀತಾರೆ," ಎಂದ. ಅಷ್ಟರಲ್ಲಿ ಇನ್ನೊಂದು ಸಿಡಿಯಿತು, ಮತ್ತೊಂದು ಸಿಡಿಯಿತು. ಕಪ್ಪಗೆ ದೊಡ್ಡದಾಗಿ ಏನೋ ರಸ್ತೆ ದಾಟಿದ್ದು ಹೆಡ್‌ಲೈಟಿನಲ್ಲಿ ಕಂಡಿತು. ಖಾಕಿಯ ಹುಡುಗ ಕೈ ಬೀಸಿ ಹೋಗಿ ಎಂದ.

ತೋಟದ ಗೇಟು ದಾಟಿದೊಡನೆ ಬೆಂಕಿ ಕಾಣಿಸಿತು.

ಹಚ್ಚಿಯಾಗಿತ್ತು. ಆಗತಾನೆ ಹಚ್ಚಿದ್ದೂ ಅಲ್ಲ, ಸೌದೆ ಕೆಂಡವಾಗುವಷ್ಟು ಹೊತ್ತಾಗಿತ್ತು. ಅಂಗಳದ ನಡುವೆ ನನ್ನ ಬಟ್ಟಲು ಉರಿಯುತ್ತಿತ್ತು. ನಾಲ್ಕು ತಾವರೆಗಳು ಕೆಂಪು ಬೆಳಕಿನಲ್ಲಿ ನಿಜವಾಗಿಯೂ ಅರಳಿದಂತಿದ್ದವು. ದೇವರಾಣೆ, ಅಷ್ಟು ಚೆಂದದ ಕೆಲಸ ನಾನು ಅದುವರೆಗೆ ಮಾಡಿರಲಿಲ್ಲ. ಸುತ್ತ ಬೆತ್ತದ ಕುರ್ಚಿಗಳಲ್ಲಿ ಹತ್ತು ಹದಿನೈದು ಜನ. ಒಂದು ಮಗು ಕೆಂಪು ಸ್ವೆಟರಿನಲ್ಲಿ ನಾಲ್ಕನೆಯ ತಾವರೆಯ ಮುಂದೆಯೇ ಕಾಲು ಆಡಿಸುತ್ತಾ ಕೂತಿತ್ತು. ನನ್ನ ಗಂಡ ಬಟ್ಟಲಿನ ಆ ಕಡೆ ನಿಂತು, ಕೈ ಬೀಸಿ ಬೀಸಿ ಮಾತಾಡುತ್ತಿದ್ದರು.

"ಏಳಿ, ಎಲ್ಲ ಏಳಿ, ದೂರ ಹೋಗಿ," ಎಂದು ಕಿರುಚುತ್ತಾ ಓಡಿದೆ. ಮಗುವನ್ನು ಕುರ್ಚಿಯಿಂದ ಕಿತ್ತುಕೊಂಡು ಯಾರದೋ ಮಡಿಲಿಗೆ ತಳ್ಳಿದೆ. ಅದು ಹೆದರಿ ಅಳತೊಡಗಿತು. ಅದರ ತಾಯಿ "ಏನ್ರೀ ಇದು, ಯಾರ್ರೀ ನೀವು?" ಎಂದು ನನ್ನ ಮೇಲೆ ಬಂದಳು. ಜನ ಎದ್ದರು, ಆದರೆ ಓಡಲಿಲ್ಲ. ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತರು. ಒಬ್ಬ ಹುಡುಗ ಮೊಬೈಲು ಎತ್ತಿ ನನ್ನನ್ನೇ ಚಿತ್ರ ಹಿಡಿಯತೊಡಗಿದ.

ನಂದಿತಾ ಹತ್ತಿರ ಬಂದಳು. "ಇಂದೂ ಅವ್ರೇ, ಏನಾಯ್ತು? ಗೆಸ್ಟ್ಸ್ ಎಲ್ಲ ಹೆದರ್ಕೊಳ್ತಿದಾರೆ."

"ಕೊಳವೆ ಒಡೆಯುತ್ತೆ ಮೇಡಂ. ಎಲ್ಲರನ್ನೂ ಮನೆ ಹಿಂದಕ್ಕೆ ಕಳಿಸಿ. ನೀರು ತರಿಸಿ," ಎಂದೆ.

"ಯಾವ ಕೊಳವೆ?" ಎಂದು ನನ್ನ ಗಂಡ ಕೇಳಿದರು. ಗಿರಾಕಿಗಳ ಮುಂದೆ ಅವರ ಮುಖ ಕಪ್ಪಿಟ್ಟಿತ್ತು. "ಯಾವ ಕೊಳವೆ ಒಡೆಯುತ್ತೆ ಕಣೇ?"

"ಆ ನಾಲ್ಕನೇದು. ಅದಕ್ಕೆ ತೂತು ಹಾಕಿರಲಿಲ್ಲ ನಾನು. ಈಚೆ ಬನ್ನಿ ನೀವು."

ಅವರು ನಕ್ಕುಬಿಟ್ಟರು. ಜನರ ಕಡೆ ತಿರುಗಿ, "ಹೆದರಬೇಡಿ ಸಾರ್, ಕೂತ್ಕೊಳ್ಳಿ. ನಮ್ಮ ಮನೆಯವಳಿಗೆ ಕೆಲಸ ಜಾಸ್ತಿಯಾಗಿ ತಲೆ ಕೆಟ್ಟಿದೆ. ಎರಡು ಕಡೆ ಮುಚ್ಚಿದ ಕೊಳವೆ ಆದ್ರೆ ಒಡೆಯುತ್ತೆ, ನಿಜ. ಇದರ ಬಾಯಿ ತೆರೆದೇ ಐತೆ. ಹೂವೇ ಅದರ ಬಾಯಿ. ಬಾಯಿ ತೆರೆದದ್ದು ಎಲ್ಲಾದ್ರೂ ಒಡೆಯುತ್ತಾ?" ಎಂದರು. ಅವರು ಹೇಳಿದ್ದು ನಮ್ಮಪ್ಪನ ಪಾಠವೇ. ಅದರಲ್ಲಿ ತಪ್ಪು ಹುಡುಕಲು ನನಗೇ ಆಗುತ್ತಿರಲಿಲ್ಲ. ನನ್ನ ಅರ್ಧ ಮಾತು ಅವರ ಪೂರ್ತಿ ಮಾತಿನ ಮುಂದೆ ಬಿದ್ದುಹೋಯಿತು. ಇಬ್ಬರು ಗಂಡಸರು ನಗುತ್ತಾ ಮತ್ತೆ ಕುರ್ಚಿಯ ಕಡೆ ಬಂದರು.

"ರೀ, ನನ್ನಾಣೆ, ಈಚೆ ಬನ್ನಿ," ಎಂದೆ.

"ತಡಿ, ನಿನಗೇ ತೋರಿಸ್ತೀನಿ," ಎಂದು ಅವರು ಜೇಬಿನಿಂದ ಮೊಬೈಲು ತೆಗೆದು ಟಾರ್ಚ್ ಹಚ್ಚಿದರು. ನಾಲ್ಕನೆಯ ತಾವರೆಯ ಮುಂದೆ ಹೋಗಿ ಬಗ್ಗಿದರು. ಎಸಳುಗಳ ನಡುವೆ ಬೆಳಕು ಬಿಟ್ಟು, ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣನ್ನು ಕೊಳವೆಯ ಬಾಯಿಗೆ ಹತ್ತಿರ ತಂದರು. "ನೋಡಿ, ಸರಾಗ ಐತೆ," ಎನ್ನುತ್ತಿದ್ದರು.

ನಮ್ಮಿಬ್ಬರ ನಡುವೆ ಬೆಂಕಿ ಇತ್ತು. ಸುತ್ತಿ ಹೋಗಿ ಎಳೆಯಬೇಕು ಎಂದು ತಲೆಗೆ ಗೊತ್ತು, ಕಾಲು ಮಾತ್ರ ನೆಲ ಬಿಡಲಿಲ್ಲ. ಕೋವಿ ಎಂಬ ಎರಡಕ್ಷರ ಬಾಯಿಗೆ ಬರಲಿಲ್ಲ. ಮಾತಿಗೆ ಕಟ್ಟುಬಿದ್ದು ಸುಮ್ಮನಿದ್ದೆನೋ, ಪೊಲೀಸರ ಹೆದರಿಕೆಯೋ, ಅಥವಾ ಹೆದರಿಕೆ ಎಂಬುದೇ ಹಾಗೆ ಬಾಯಿ ಕಟ್ಟುತ್ತದೋ, ನನಗೆ ಇವತ್ತಿಗೂ ತಿಳಿಯುವುದಿಲ್ಲ.

"ಕೋವಿ ಕಣಪ್ಪ ಅದು."

ಕೆಂಚಪ್ಪ. ಜೀಪಿನ ಹತ್ತಿರವೇ ಕತ್ತಲಲ್ಲಿ ಅವಿತು ನಿಂತಿದ್ದ ಮುದುಕ ಈಗ ಬೆಳಕಿಗೆ ಬಂದಿದ್ದ. ಕೋಲು ಎಲ್ಲೋ ಬಿದ್ದುಹೋಗಿತ್ತು. ಎರಡು ಕೈಯನ್ನೂ ಮುಂದೆ ಚಾಚಿಕೊಂಡು, ಊರಿಗೆಲ್ಲ ಕೇಳುವಂತೆ ಕೂಗಿದ: "ನನ್ನ ಕೋವಿ. ಲೈಸೆನ್ಸ್ ಇಲ್ಲ. ನಾನೇ ಈಡು ತುಂಬಿದ್ದು. ತಲೆ ತಗಿಯಪ್ಪ."

ನನ್ನ ಗಂಡ ಯಾರು ಎಂದು ನೋಡಲು ಅವನ ಕಡೆ ಮುಖ ತಿರುಗಿಸಿದರು. ಅಷ್ಟೇ, ಮುಖ ತಿರುಗಿಸಿದ್ದು ಅಷ್ಟೇ.

ಅದು ಸಿಡಿದ ಸದ್ದು ನನಗೆ ಕೇಳಿಸಿದ ನೆನಪೇ ಇಲ್ಲ. ಬಿಳಿ ಬೆಳಕು ಕಂಡದ್ದು ಗೊತ್ತು. ತಾವರೆಯಿಂದ ಹೊಗೆ ಉದ್ದಕ್ಕೆ ಹೊರಟದ್ದು ಗೊತ್ತು. ಅಂಗಳದಾಚೆಯ ಹೆಂಚುಗಳು ಚೂರಾಗಿ ಉದುರಿದವು, ಕೆಂಡಗಳು ಹುಲ್ಲಿನ ಮೇಲೆ ಚೆಲ್ಲಿದವು. ಈಗ ಜನ ಓಡಿದರು. ನನ್ನ ಗಂಡ ಬೋರಲು ಬಿದ್ದಿದ್ದರು. ಮೊಬೈಲಿನ ಟಾರ್ಚ್ ಹುಲ್ಲಿನಲ್ಲಿ ಹತ್ತಿಕೊಂಡೇ ಇತ್ತು.

ಕಾಲು ಆಗ ಬಂತು ನನಗೆ. ಹೋಗಿ ಅವರನ್ನು ಹೊರಳಿಸಿದೆ. ಬಲಗೆನ್ನೆ ಪೂರಾ ಕಪ್ಪಾಗಿತ್ತು. ಕಿವಿಯಿಂದ ರಕ್ತ ಕತ್ತಿಗೆ ಇಳಿಯುತ್ತಿತ್ತು. ಕಣ್ಣು ತೆರೆದಿದ್ದವು, ಎರಡೂ. ನನ್ನನ್ನೇ ನೋಡುತ್ತಾ ಬಾಯಿ ಆಡಿಸಿದರು. ಉಸಿರಿದೆ, ಉಸಿರಿದೆ ಎಂದು ನಾನು ಯಾರಿಗೆ ಹೇಳುತ್ತಿದ್ದೆನೋ. ಸೆರಗನ್ನು ಕಿವಿಗೆ ಒತ್ತಿ ಹಿಡಿದು, ಮುಂಡೇದೆ, ಮಾತು ಕೇಳ್ಬಾರ್ದಾ, ಒಂದು ಸಲ ಮಾತು ಕೇಳಿದ್ರೆ ಏನಾಗ್ತಿತ್ತು ನಿನಗೆ ಎಂದು ಬೈದೆ. ಮದುವೆಯಾದ ಮೇಲೆ ಅವರನ್ನು ಏಕವಚನದಲ್ಲಿ ಬೈದದ್ದು ಅದೇ ಮೊದಲು. ಬೈಯುತ್ತಾ ಬೈಯುತ್ತಾ ಅಳು ಬಂತು.

ಸದ್ದು ಕೇಳಿ ಅರಣ್ಯದ ಹುಡುಗರು ಬಂದರು, ಅವರ ಹಿಂದೆ ಪೊಲೀಸರು ಬಂದರು. ಅಷ್ಟರಲ್ಲಿ ಹೇಮಂತ್ ಜೀಪು ತಿರುಗಿಸಿದ್ದ, ನಾವು ಆಸ್ಪತ್ರೆಗೆ ಹೊರಟೆವು. ಹಿಂದೆ ತಿರುಗಿ ನೋಡಿದಾಗ ಕೆಂಚಪ್ಪ ಬಟ್ಟಲಿನ ಪಕ್ಕ ನೆಲದ ಮೇಲೆ ಕೂತು, ಯಾರೂ ಕೇಳದಿದ್ದರೂ ತನ್ನ ಹೆಸರು, ಊರು ಹೇಳುತ್ತಿದ್ದ. ಆಮೇಲೆ ಅವನ ಮೇಲೆ ಕೇಸಾಯಿತು, ಜಾಮೀನೂ ಸಿಕ್ಕಿತು. ನಮ್ಮನ್ನೂ ಕರೆಸಿ ಹೇಳಿಕೆ ಬರೆಸಿಕೊಂಡು ಕಳಿಸಿದರು. ನಾನು ದಾರಿಯುದ್ದಕ್ಕೂ ಹೆದರಿದ್ದ ಪೊಲೀಸರು ಇಷ್ಟೇ ಆಗಿದ್ದರು.

ಕೆನ್ನೆಯ ಗಾಯ ಮಾಯುತ್ತದೆ, ಕಣ್ಣಿಗೆ ಏನೂ ಆಗಿಲ್ಲ, ಬಲಗಿವಿ ಮಾತ್ರ ಹೋಯಿತು ಎಂದರು ಡಾಕ್ಟರು. ಮಾರನೆಯ ಬೆಳಿಗ್ಗೆ ವಾರ್ಡಿನಲ್ಲಿ ಅವರ ಬಲಗಡೆ ಸ್ಟೂಲಿನ ಮೇಲೆ ಕೂತಿದ್ದೆ. ಇಡ್ಲಿ ಮುರಿದು ಕೊಟ್ಟೆ, ತಿಂದರು. ಮುದುಕ ನಿನ್ನ ಜೊತೆಯಲ್ಲೇ ಬಂದನಂತೆ, ನಂದಿತಾ ಮೇಡಂ ಹೇಳಿದರು, ಎಂದರು. ಆಮೇಲೆ ತಟ್ಟೆಯ ಕಡೆ ನೋಡುತ್ತಾ ಕೇಳಿದರು, "ಇಂದೂ, ಅದು ಕೋವಿ ಅಂತ ನಿನಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು," ಎಂದೆ.

ಅವರು ಹಾಗೇ ಕಾಯುತ್ತಾ ಕೂತಿದ್ದರು. "ಗೊತ್ತಿತ್ತಾ?" ಎಂದು ಇನ್ನೊಂದು ಸಲ ಕೇಳಿದರು. ನನ್ನ ಮಾತು ಅವರಿಗೆ ಕೇಳಿಸಿರಲಿಲ್ಲ.

ಇಲ್ಲ ಎಂದು ತಲೆ ಅಲ್ಲಾಡಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ನಂಬುತ್ತಿದ್ದರು. ಎದ್ದೆ, ಮಂಚ ಸುತ್ತಿ ಎಡಗಡೆಗೆ ಹೋದೆ. ಅಷ್ಟು ದೂರ ನಡೆಯುವಾಗ ಹಿಂದಿನ ಸಂಜೆಯದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಅವರ ಕಿವಿಯ ಹತ್ತಿರ ಬಗ್ಗಿ, "ಗೊತ್ತಿತ್ತು ಕಣ್ರೀ," ಎಂದೆ.

ಅವರು ಉಳಿದ ಅರ್ಧ ಇಡ್ಲಿಯನ್ನು ನನ್ನ ಕಡೆ ಸರಿಸಿ ಗೋಡೆಯ ಕಡೆಗೆ ಮಗ್ಗುಲಾದರು. ಮನೆಗೆ ಬಂದು ತಿಂಗಳಾಯಿತು, ಕುಲುಮೆ ಮತ್ತೆ ಹತ್ತಿದೆ, ಗಿರಾಕಿಗಳ ಹತ್ತಿರ ಅವರು ಮೊದಲಿನಂತೆಯೇ ಮಾತಾಡುತ್ತಾರೆ. ಆ ವಿಷಯ ಮಾತ್ರ ಇವತ್ತಿನವರೆಗೆ ಎತ್ತಿಲ್ಲ. ಎತ್ತಿ ಬೈದುಬಿಡಲಿ ಎಂದು ನಾನು ದಿನವೂ ಅವರ ಎಡಗಡೆಗೇ ಕೂತು ಊಟ ಮಾಡುತ್ತೇನೆ.